ಅಕ್ಕೋರು ತೆಗೆದ ಕಪಾಟು

ಸ್ಪಿರಿಟ್ ದೀಪದ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ನಿಂತಲ್ಲೇ ನಿಂತೆ. ಕಳೆದ ರವಿವಾರ, ಅಮರಗೋಳದ ನನ್ನ ಮೊಮ್ಮಗಳ ಸಾಲೆಯಲ್ಲಿ. ಯಾವುದೋ ಕಂಪನಿಯ ನೌಕರರು ತಮ್ಮ ರಜೆ ಬಿಟ್ಟು ಬಂದು, ಮಕ್ಕಳಿಗೂ ಮನೆಯವರಿಗೂ ಸ್ವಂತ ಕೈಯಿಂದ ವಿಜ್ಞಾನದ ಪ್ರಯೋಗ ಮಾಡಿಸುತ್ತಿದ್ದರು. ಆ ವಾಸನೆಗೆ ನಮ್ಮ ಅಕ್ಕೋರೇ ಬಂದು ಎದುರಿಗೆ ನಿಂತಂತಾಯಿತು...

ಏಳನೇ ಇಯತ್ತೆಯಲ್ಲಿ ನಮಗೆ ವಿಜ್ಞಾನ ಕಲಿಸಲು ಬಂದವರು ಅವರು. ನಮ್ಮ ಆ ಹೆಣ್ಣುಮಕ್ಕಳ ಸಾಲೆಯಲ್ಲಿ ಪ್ರಯೋಗದ ಸಾಮಾನಿನ ಗಾಜಿನ ಕಪಾಟೊಂದಿತ್ತು. ಯಾಕಿತ್ತು? ಪೂಜೆಗೆ! ಪ್ರತಿ ವರ್ಷ ದಸರೆಯ ಖಂಡೇಪೂಜೆಗೆ ಅದಕ್ಕೆ ವಿಭೂತಿ, ಕುಂಕುಮ, ಚೆಂಡು ಹೂವಿನ ಸರ. ಕಾಯಿ ಒಡೆದು ಕೈಮುಗಿದರೆ ಆ ವರ್ಷದ ವಿಜ್ಞಾನ ಮುಗಿಯಿತು. ಕೀಲಿಯ ತೂತಿನಲ್ಲಿ ಕುಂಕುಮ ಗಟ್ಟಿಯಾಗಿ ಕುಂತಿತ್ತು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಅಕ್ಕೋರು ಕೀಲಿಕೈ ಕೇಳಿದಾಗಲೆಲ್ಲ ಹೆಡ್ ಮಾಸ್ತರದು ಒಂದೇ ಮಾತು. "ಹುಡಿಗ್ಯಾರ ಕೈಯಾಗ ಗಾಜು ಕೊಡತೀರೇನ್ರಿ? ನಾಳೆ ಒಲಿ ಮುಂದ ಕೂಡೋರಿಗೆ ಇದೆಲ್ಲ ಯಾಕ?"

"ಒಲಿ ಮುಂದ ಕೂಡೋರಿಗೆ ಬೆಂಕಿ ಹೊಸಾದೇನ್ರಿ ಸರ?" ಅಂದಿದ್ದರು ಅಕ್ಕೋರು.

ಒಂದು ದಿನ ಹೆಡ್ ಮಾಸ್ತರು ಧಾರವಾಡಕ್ಕೆ ಮೀಟಿಂಗಿಗೆ ಹೊರಟರು. ಅಕ್ಕೋರು ಜವಾನನಿಂದ ಕೀಲಿಕೈ ಇಸಿದುಕೊಂಡು, ತಲೆಯ ಪಿನ್ನಿನಿಂದ ಕುಂಕುಮ ಕೆದರಿ, ಕಪಾಟು ತೆಗೆದೇ ಬಿಟ್ಟರು! ಗಾಜಿನ ನಳಿಗೆಯಲ್ಲಿ ಮೈಲುತುತ್ತದ ನೀಲಿ ಹರಳು ಹಾಕಿ ನನ್ನ ಕೈಗೇ ಕೊಟ್ಟರು. ಸ್ಪಿರಿಟ್ ದೀಪದ ಮೇಲೆ ಹಿಡಿದೆ. ಕಾದು ಕಾದು ಬೆಳ್ಳಗಾಯಿತು.

"ಸುಟ್ಟ ಹೋತಲ್ರಿ ಅಕ್ಕೋರ!" ಎಂದು ಚೀರಿದೆ.

"ಏ ಹುಚ್ಚಿ, ಸುಟ್ಟಿಲ್ಲ. ಒಂದ ಹನಿ ನೀರ ಹಾಕಿದ್ರ ಮತ್ತ ನೀಲಿ ಆಗತದ. ಸ್ವಲ್ಪ ಆರ್ಲಿ, ನೀನ ಹಾಕು."

ಅದು ಆರುವಷ್ಟರಲ್ಲಿ ಬಾಗಿಲಲ್ಲಿ ಹೆಡ್ ಮಾಸ್ತರು. ಬಸ್ಸು ತಪ್ಪಿತ್ತಂತೆ. ನಳಿಗೆ ಕಸಿದುಕೊಂಡು, ಕಪಾಟಿಗೆ ಕೀಲಿ ಜಡಿದು, ಅಷ್ಟೂ ಹುಡುಗಿಯರೆದುರು ಅಕ್ಕೋರನ್ನು ಬೈದರು. ಮರುವಾರದಿಂದ ಅವರನ್ನು ಹೊಲಿಗೆ ಕಲಿಸಲು ಹಚ್ಚಿದರು. ಆಮೇಲೆ ಎಲ್ಲಿಗೋ ವರ್ಗ... ನನ್ನ ಸಾಲೆಯೂ ಆ ವರ್ಷಕ್ಕೇ ಮುಗಿಯಿತು. ಬಿಳಿ ಪುಡಿ ಖರೇನೇ ನೀಲಿಯಾಗುತ್ತದೋ ಇಲ್ಲವೋ, ನೋಡಲು ಸಿಗಲೇ ಇಲ್ಲ. ಒಂದು ಹನಿ ನೀರು ಹಾಕಲು ಎಷ್ಟು ಮಂದಿಯ ಅಪ್ಪಣೆ ಬೇಕಿತ್ತು!

ಕಳೆದ ರವಿವಾರ ನೋಡಿದರೆ ಅದೇ ಮೈಲುತುತ್ತ. ಪಕ್ಕದಲ್ಲೊಬ್ಬ ತಂದೆ ಮಗಳ ಕೈ ಹಿಂದಕ್ಕೆಳೆಯುತ್ತಿದ್ದ. "ಮುಟ್ಟಬ್ಯಾಡ, ಒಡದಗಿಡದೀ!"

ನನಗೆ ಸಿಟ್ಟು ನೆತ್ತಿಗೇರಿತು. "ಏ ತಮ್ಮಾ, ಬಿಡು ಆಕಿನ್ನ! ಒಡದ್ರ ಒಡೀಲಿ. ಗಾಜೈತಿ, ಗುಡಿ ಕಳಸ ಏನಲ್ಲ!"

ಕಂಪನಿಯ ಹುಡುಗಿ ನಕ್ಕಳು. "ಖರೇ ಐತ್ರಿ ಅಜ್ಜಿ. ಒಡೀತಾವಂತ ಹೆಚ್ಚಿಗೇ ತಂದೇವ್ರಿ. ನೀವೂ ಬರ್ರಿ."

ಮೊಮ್ಮಗಳು ಕಾಸಿದಳು. ಆರಿದ ಮೇಲೆ ಹನಿ ನಾನು ಹಾಕಿದೆ. ನೀಲಿ! ಎಂಥ ನೀಲಿ ಅಂತೀರಿ! ಎದೆಯಲ್ಲಿ ಸಂತೋಷ ಹಿಡಿಸಲಿಲ್ಲ. ಸಿಟ್ಟು ಮಾತ್ರ ಇಂದಿಗೂ ಇಳಿದಿಲ್ಲ. ಅಕ್ಕೋರು ತೀರಿಕೊಂಡು ಬಹಳ ವರ್ಷವಾಯಿತೆಂದು ಯಾರೋ ಹೇಳಿದ್ದರು... ಹೇಳಬೇಕಾದವರು ಇಲ್ಲವೆಂದು ಮೊಮ್ಮಗಳಿಗೇ ಮತ್ತೆ ಮತ್ತೆ ಹೇಳಿದೆ, "ನೀಲಿ ಆತು ನೋಡು, ನೀಲಿ ಆತು."

"ಹೌದ ಬೇ ಅಜ್ಜಿ, ನಾನೂ ನೋಡೇನಿ," ಅಂದಳು. "ಲಗೂ ಈಕಡೆ ಸರಿ, ಹಿಂದಿನವರ ಪಾಳಿ ಐತಿ."