ಗಂಗಯ್ಯ ಮೇಷ್ಟ್ರ ಸುತ್ತೋಲೆ ಪುಸ್ತಕ

"ಅಮ್ಮಾ, ಗಂಗಯ್ಯ ಮೇಷ್ಟ್ರು ಮಕ್ಕಳಿಗೆ ಹೋಂವರ್ಕ್ ಕೊಡೋರಲ್ವಾ? ಮತ್ತೆ ಅವರೇ ಯಾಕೆ ದಿನಾ ಕೂತ್ಕೊಂಡು ಬರೀತಾರೆ? ಅವರಿಗೆ ಯಾರು ಹೋಂವರ್ಕ್ ಕೊಡ್ತಾರೆ?"

ಪುಟ್ಟಿ ಇದನ್ನು ಕೇಳಿದಾಗ ನಾನು ಅವಳಿಗೆ ಜಡೆ ಹೆಣೆಯುತ್ತಿದ್ದೆ. ಬಾಯಲ್ಲಿ ಟೇಪು ಕಚ್ಚಿಕೊಂಡಿದ್ದರಿಂದ ಉತ್ತರ ಕೊಡುವುದು ತಪ್ಪಿತು. ಕೊಡಬೇಕೆಂದಿದ್ದರೂ ಐದು ವರ್ಷದವಳಿಗೆ ಹೇಗೆ ಹೇಳುವುದು? ಆ ದಿನ ಡೈರಿಯಲ್ಲಿ ಪ್ರಶ್ನೆಯನ್ನಷ್ಟೇ ಬರೆದಿಟ್ಟೆ. 1986ರ ಮೇ ತಿಂಗಳು.

ಯಡಿಯೂರು ಕೆರೆಯ ಹಿಂದಿನ ಬೀದಿಯಲ್ಲಿ ಮೇಷ್ಟ್ರದು ನಮ್ಮ ಎದುರುಮನೆ. ಜಯನಗರದ ಬ್ಲಾಕುಗಳಿಗೆ ಇನ್ನೂ ಸೈಟು ಅಳೆಯದಿದ್ದ ಕಾಲದಿಂದ ಅವರ ಮನೆಯವರು ಅಲ್ಲೇ ಇದ್ದಾರೆ. ಆ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು ಇವರು. ಬಿಎಸ್ಸಿ ಮುಗಿಸಿದ ವರ್ಷವೇ ಫೋರ್ತ್ ಬ್ಲಾಕಿನ ಕಡೆಯ ಒಂದು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರಾದರು. ಆಗ ಬಿ.ಎಡ್. ಇಲ್ಲದಿದ್ದರೂ ತೆಗೆದುಕೊಳ್ಳುತ್ತಿದ್ದರಂತೆ, ಟ್ರೇನಿಂಗಿಗೆ ಆಮೇಲೆ ಕಳಿಸೋಣ ಅಂತ. ಆ ಆಮೇಲೆ ಬರಲೇ ಇಲ್ಲ. ಅಲ್ಲ, ಒಂದು ಸಲ ಬಂದಿತ್ತು, ಇವರ ಕೈಯಿಂದಲೇ ಜಾರಿಹೋಯಿತು.

ಅದು ಹೇಗೆ ಅಂತ ಒಂದು ಸಲ ಅವರೇ ಹೇಳಿದರು. ಇಲಾಖೆಯಿಂದ ಸುತ್ತೋಲೆ ಬಂದರೆ ಹೆಡ್‌ಮಾಸ್ಟರು ಅದನ್ನು ಆರ್ಡರ್ ಬುಕ್ಕಿಗೆ ಅಂಟಿಸಿ ಜವಾನ ಸಂಜೀವಯ್ಯನ ಕೈಗೆ ಕೊಡುತ್ತಾರೆ. ಅವನು ಪಾಠದ ನಡುವೆಯೇ ಕ್ಲಾಸಿನ ಬಾಗಿಲಲ್ಲಿ ನಿಂತು ಕೆಮ್ಮುತ್ತಾನೆ. ಮೇಷ್ಟ್ರಾದವರು 'ಓದಿದ್ದೇನೆ' ಅಂತ ಸಹಿ ಹಾಕಬೇಕು. ಓದುವವರು ಯಾರು? ಹಿಂದೆ ಐವತ್ತು ಹುಡುಗರು ಗಲಾಟೆ ಮಾಡುತ್ತಿರುತ್ತಾರೆ. ಎಲ್ಲರೂ ಗೀಚಿ ಕಳಿಸುತ್ತಾರೆ. 1973ರಲ್ಲಿ ಇವರೂ ತ್ರಿಭುಜ ಬಿಡಿಸುತ್ತಿದ್ದ ಕೈಯಲ್ಲೇ ಗೀಚಿದರು. ಬಿ.ಎಡ್. ಆಗದವರನ್ನು ಸಂಬಳದ ಮೇಲೆ ಒಂದು ವರ್ಷ ಟ್ರೇನಿಂಗಿಗೆ ಕಳಿಸುತ್ತೇವೆ, ಎಂಟು ದಿನದೊಳಗೆ ಹೆಸರು ಕೊಡಿ ಎಂದು ಅದರಲ್ಲಿತ್ತು. ಇವರಿಗೆ ವಿಷಯ ಗೊತ್ತಾದದ್ದು ಹನ್ನೊಂದನೇ ದಿನ.

"ಹೆಡ್‌ಮಾಸ್ಟರು ಪುಸ್ತಕ ತೆಗೆದು ತೋರಿಸಿದ್ರಮ್ಮ. ನನ್ನದೇ ಸಹಿ. ಪಕ್ಕದಲ್ಲಿ ಸೀಮೇಸುಣ್ಣದ ಹೆಬ್ಬೆಟ್ಟು ಬೇರೆ. ಏನಂತ ಜಗಳ ಆಡಲಿ?"

ಬಿ.ಎಡ್. ಇಲ್ಲದ್ದಕ್ಕೆ ಅವರಿಗೆ ಎಂಟನೇ ಕ್ಲಾಸು ಬಿಟ್ಟು ಮೇಲಕ್ಕೆ ಕೊಡಲಿಲ್ಲ. ಆಮೇಲೂ ಹದಿಮೂರು ವರ್ಷ ಎಂಟನೇ ಕ್ಲಾಸೇ. ಹತ್ತನೇ ಕ್ಲಾಸಿಗೆ ಪಾಠ ಮಾಡಬೇಕು ಅನ್ನೋದೊಂದೇ ಅವರ ಆಸೆ. ತಾವು ತಿದ್ದಿ ಕಳಿಸಿದ ಹುಡುಗರು ಎಸ್ಸೆಸ್ಸೆಲ್ಸಿಗೆ ಬಂದಾಗ ಬೇರೆಯವರ ಮಕ್ಕಳಾಗಿಬಿಡುತ್ತಾರೆ ಅಂತ ಹೇಳುತ್ತಿದ್ದರು.

ಆವತ್ತಿನಿಂದ ಶುರುವಾದದ್ದು ಈ ಬರವಣಿಗೆ. ಯಾವ ಸುತ್ತೋಲೆ ಬಂದರೂ ಸಂಜೆ ಜಗಲಿಯ ಮೇಲೆ ಕೂತು ಇನ್ನೂರು ಪುಟದ ನೋಟ್‌ಬುಕ್ಕಿಗೆ ಇಳಿಸಬೇಕು. ಕಡೇ ದಿನಾಂಕದ ಕೆಳಗೆ ಕೆಂಪು ಗೆರೆ. ಹೆಂಡತಿ ಕೆಂಪಕ್ಕ ಒಳಗಿನಿಂದ, "ಸರ್ಕಾರದೋರು ಇಷ್ಟು ನೀಟಾಗಿ ಬರ್ಕೊಂಡಿಲ್ಲ ಕಣ್ರೀ. ಎದ್ದು ಸೊಪ್ಪು ತನ್ನಿ" ಅಂತ ಕೂಗುತ್ತಿದ್ದರು. ಭಾನುವಾರ ಸುತ್ತಮುತ್ತಲ ಸ್ಕೂಲುಗಳ ಮೇಷ್ಟ್ರುಗಳು ಬರುತ್ತಿದ್ದರು. ಬನಶಂಕರಿಯ ಡ್ರಿಲ್ ಮೇಷ್ಟ್ರು ಪಾಪಯ್ಯನವರಂತೂ ಸೈಕಲ್ಲಿನಿಂದ ಇಳಿಯುವ ಮೊದಲೇ, "ಏನು ಗುರು, ಈ ವಾರ ನಮ್ಮ ತಲೆ ಮೇಲೆ ಏನು ಬಿತ್ತು?" ಅನ್ನುತ್ತಿದ್ದರು. ಮೇಷ್ಟ್ರು ಅದನ್ನು ಎರಡೆರಡು ಸಲ ಓದಿ ಹೇಳುವರು. ಸ್ವಲ್ಪ ಎಳೆಯುವರು ಕೂಡ. ಕೇಳಲಾರದೆ ನಾನೇ ಎಷ್ಟೋ ಸಲ ಕಿಟಕಿ ಮುಚ್ಚಿದ್ದೇನೆ.

1986ರಲ್ಲಿ ಪಠ್ಯಪುಸ್ತಕ ಬದಲಾಯಿತು, ಪ್ರಶ್ನೆಪತ್ರಿಕೆ ಬದಲಾಯಿತು. ವಾರಕ್ಕೆ ಮೂರು ನಾಲ್ಕು ಸುತ್ತೋಲೆ. ನೋಟ್‌ಬುಕ್ಕು ಏಪ್ರಿಲಿಗೇ ತುಂಬಿಹೋಯಿತು. ಜೂನ್ ಎರಡನೇ ವಾರ ಒಂದು ಸಂಜೆ ಮೇಷ್ಟ್ರು ನಮ್ಮ ಮನೆಗೆ ಬಂದರು. ಮದುವೆಗೆ ಮುಂಚೆ ನಾನು ಟೈಪಿಸ್ಟಾಗಿದ್ದೆ, ಮನೆಯಲ್ಲಿ ಟೈಪ್‌ರೈಟರ್ ಇತ್ತು. ಅವರ ಕೈಯಲ್ಲಿ ಎರಡು ಹಾಳೆ.

"ಮತ್ತೆ ಟ್ರೇನಿಂಗಿಗೆ ಕರೆದಿದಾರಮ್ಮ. ವಯಸ್ಸು ನಲವತ್ತೈದು ದಾಟಿರಬಾರದು. ನನಗೆ ನಲವತ್ನಾಲ್ಕು. ಇದೇ ಕಡೇದು. ಎರಡು ಅರ್ಜಿ ಟೈಪ್ ಮಾಡ್ಕೊಡಿ."

"ಒಬ್ಬರಿಗೆ ಎರಡ್ಯಾಕೆ ಮೇಷ್ಟ್ರೇ?"

"ಇನ್ನೊಂದು ವಾರಿಜಾದು. ನಮ್ಮ ಸೈನ್ಸ್ ಟೀಚರ್ರು. ಅವರಿಗೂ ಬಿ.ಎಡ್. ಆಗಿಲ್ಲ."

ಅವರು ಇಳಿಸಿಕೊಂಡು ತಂದಿದ್ದ ಸುತ್ತೋಲೆಯನ್ನು ನಾನೂ ಓದಿದೆ. ಒಂದು ಸ್ಕೂಲಿನಿಂದ ಒಬ್ಬರೇ. ಯಾರು ಅಂತ ಸ್ಕೂಲಿನ ಕಮಿಟಿ ತೀರ್ಮಾನ ಮಾಡಬೇಕು. ನಾನು ತಲೆ ಎತ್ತಿ ಅವರ ಮುಖ ನೋಡಿದೆ. ಮೇಷ್ಟ್ರು ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡರು.

"ಆರ್ಡರ್ ಬುಕ್ಕು ನನಗಿಂತ ಮುಂಚೆ ಅವರ ಕ್ಲಾಸಿಗೆ ಹೋಗಿತ್ತು. ಸಹಿ ನೋಡಿದ ತಕ್ಷಣ ಗೊತ್ತಾಯ್ತು, ಓದಿಲ್ಲ. ಹೆಸರಿನ ಬಾಲ ಪುಟದ ಆಚೆ ಹೋಗಿತ್ತು. ಮೂರು ದಿನ ಸುಮ್ಮನಿದ್ದೆನಮ್ಮ. ಸುಳ್ಳು ಹೇಳಲ್ಲ. ಅವರು ಕೇಳಲ್ಲ, ನಾನು ಹೇಳಲ್ಲ, ನನ್ನ ಹೆಸರೊಂದೇ ಹೋಗ್ತಿತ್ತು. ಇವತ್ತು ಊಟದ ಹೊತ್ತಲ್ಲಿ ಡಬ್ಬಿ ಮುಚ್ಚಳ ತೆಗೆದು, 'ಸಾರ್, ಹೊಸದೇನಾದ್ರೂ ಬಂತಾ?' ಅಂತ ನನ್ನೇ ಕೇಳಿಬಿಟ್ರು. ಎದ್ದು ಹೋಗಿ ಆರ್ಡರ್ ಬುಕ್ಕು ತಂದು ಅವರ ಮುಂದಿಟ್ಟೆ."

ಒಳಗೆ ಕಾಫಿ ಸೋಸುತ್ತಿದ್ದ ನಮ್ಮವರು, "ಇನ್ನೊಂದು ವಾರ ಕೇಳದೇ ಇದ್ದಿದ್ರೆ?" ಅಂದರು. ನನಗೆ ಕೋಪ ಬಂತು. ಮೇಷ್ಟ್ರು ಮಾತ್ರ, "ಅದನ್ನೇ ದಾರಿಯುದ್ದಕ್ಕೂ ಯೋಚನೆ ಮಾಡ್ಕೊಂಡು ಬಂದೆ" ಅಂದರು, ಅಷ್ಟೇ.

ಎರಡೂ ಅರ್ಜಿ ಟೈಪು ಮಾಡಿದೆ. ಮೇಷ್ಟ್ರದಕ್ಕೆ ಹೊಸ ರಿಬ್ಬನ್ ಹಾಕಿದ್ದೆ ಅನ್ನೋದನ್ನು ಇಲ್ಲಿ ಬರೆದರೆ ತಪ್ಪಿಲ್ಲ.

ಕಮಿಟಿ ಸೇರಿದ ದಿನ ಕೆಂಪಕ್ಕ ಬೆಳಿಗ್ಗೆಯಿಂದ ಜಗಲಿಗೆ ಮೂರು ಸಲ ಬಂದು ಹೋದರು. ಮಧ್ಯಾಹ್ನ ಮೇಷ್ಟ್ರು ನಡೆದುಬಂದ ರೀತಿ ನೋಡಿಯೂ ನನಗೆ ಗೊತ್ತಾಗಲಿಲ್ಲ, ಗೆದ್ದರೋ ಸೋತರೋ. ಹಿಂದೆಯೇ ವಾರಿಜಾ ಬರುತ್ತಿದ್ದರು, ಮೂವತ್ತೆರಡರ ಸಣ್ಣ ಹೆಂಗಸು, ಭುಜಕ್ಕೆ ಚೀಲ. ಕಮಿಟಿಯವರು ವಾರಿಜಾರ ಕಡೆಗೇ ಒಲಿದಿದ್ದರಂತೆ, ಚಿಕ್ಕವರು, ಇನ್ನೂ ಬಹಳ ವರ್ಷ ಸ್ಕೂಲಿಗೆ ಆಗುತ್ತಾರೆ ಅಂತ. ಆಗ ವಾರಿಜಾ ಅವರೇ ಎದ್ದು ನಿಂತು ಹೇಳಿದರಂತೆ: ಸಾರ್‌ಗೆ ಇದು ಕಡೇದು, ನನಗೆ ಇನ್ನೂ ಟೈಮಿದೆ. ಅವರು ಹೇಳದಿದ್ದರೆ ನನ್ನ ಅರ್ಜಿಯೇ ನಿಮ್ಮ ಮುಂದೆ ಇರುತ್ತಿರಲಿಲ್ಲ. ಕೊನೆಗೆ ಮೇಷ್ಟ್ರ ಹೆಸರೇ ಗಟ್ಟಿಯಾಯಿತು.

"ತ್ಯಾಗ ಗೀಗ ಅಂತ ತಿಳ್ಕೋಬೇಡಿ ಅಕ್ಕ," ವಾರಿಜಾ ನನಗೆ ಹೇಳಿದರು. "ಮುಂದಿನ ವರ್ಷ ನಂದು. ಬಿಟ್ಟುಕೊಡಲ್ಲ."

"ಮುಂದಿನ ವರ್ಷ ಸುತ್ತೋಲೆ ಬಂದ್ರೆ ತಾನೇ?" ಕೆಂಪಕ್ಕ ಬೆಲ್ಲದ ತಟ್ಟೆ ಹಿಡಿದುಕೊಂಡೇ ಕೇಳಿದರು.

"ಬಂದ್ರೆ ಸಾರ್ ಹೇಳ್ತಾರಲ್ಲ."

ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ.

ಟ್ರೇನಿಂಗ್ ಕಾಲೇಜು ಸೇರುವ ಹಿಂದಿನ ದಿನ, ಭಾನುವಾರ ಸಂಜೆ, ಅವರು ಮತ್ತೆ ಬಂದರು. ಕಂಕುಳಲ್ಲಿ ಕಂದು ಕಾಗದದ ರಟ್ಟು ಹಾಕಿದ ಹೊಸ ನೋಟ್‌ಬುಕ್ಕು. ಜೊತೆಗೆ ಒಂದು ಕೆಂಪು ಪೆನ್ಸಿಲ್. ಪುಟ್ಟಿ ಅವರ ಕಾಲ ಹತ್ತಿರ ಕೂತು, "ನಾಳೆಯಿಂದ ನಿಮಗೆ ನಿಜವಾದ ಹೋಂವರ್ಕಾ?" ಅಂತ ಕೇಳಿದಳು. "ಹೂಂ ಕಣವ್ವ. ಮಾಡದಿದ್ರೆ ಬೆಂಚು ಹತ್ತಿಸ್ತಾರೆ" ಅಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಒಂದು ಉಪಕಾರ ಆಗಬೇಕಮ್ಮ. ಈ ಒಂದು ವರ್ಷ ನಾನು ಸ್ಕೂಲಲ್ಲಿ ಇರಲ್ಲ. ವಾರಿಜಾಗೆ ಬೇಕಾದ ಸುತ್ತೋಲೆ ಬರೋದು ಆಗಲೇ. ಹೆಡ್‌ಮಾಸ್ಟರನ್ನ ಒಪ್ಪಿಸಿದೀನಿ, ಸಂಜೀವಯ್ಯ ಪ್ರತಿ ಶನಿವಾರ ಆರ್ಡರ್ ಬುಕ್ಕು ನಿಮ್ಮ ಮನೆಗೆ ತರ್ತಾನೆ, ಸೋಮವಾರ ಬೆಳಿಗ್ಗೆ ಒಯ್ತಾನೆ. ನೀವು ಇದರಲ್ಲಿ ಇಳಿಸಬೇಕು."

"ವಾರಿಜಾ ಈಗ ಓದೇ ಸಹಿ ಹಾಕ್ತಾರಲ್ಲ ಮೇಷ್ಟ್ರೇ?"

"ಓದ್ತಾರೆ. ನಾನೂ ಓದಬೇಕು ಅಂದ್ಕೊಂಡಿದ್ದೋನೇ. ಆ ಹೊತ್ತಿಗೆ ಪಾಠ ನಡೀತಿರತ್ತಲ್ಲಮ್ಮ." ನೋಟ್‌ಬುಕ್ಕನ್ನು ನನ್ನ ಕೈಗಿಟ್ಟು, ಪೆನ್ಸಿಲ್ಲನ್ನು ಅದರ ಮೇಲಿಟ್ಟರು. "ಇನ್ನೊಂದು. ಭಾನುವಾರ ಪಾಪಯ್ಯ ಎಲ್ಲ ಬರ್ತಾರೆ. ಅವರ ಕೈಗೆ ಪುಸ್ತಕ ಕೊಟ್ಟು ನೀವು ಒಳಗೆ ಹೋಗ್ಬೇಡಿ. ಕೂರಿಸಿ, ಗಟ್ಟಿಯಾಗಿ ಓದಿ ಹೇಳಿ. ಎರಡು ಸಲ."