ಅರ್ಧ ಪೆಪ್ಪರಮಿಂಟು

ಪಾಸ್ಟರು ಪ್ರಸಂಗದ ಎರಡನೆಯ ಭಾಗಕ್ಕೆ ಬಂದರೆಂದರೆ ನ್ಯೂ ಹಾರ್ಲಿಂಗನ್ನಿನ ಚರ್ಚಿನಲ್ಲಿ ಕೈಚೀಲಗಳ ಬಾಯಿ ತೆರೆಯುವ ಸದ್ದು ಶುರುವಾಗುತ್ತದೆ. ಅಜ್ಜಿಯರ ಚೀಲದಿಂದ ಹೊರಟ ಬಿಳಿ ಪೆಪ್ಪರಮಿಂಟು ಕೈಯಿಂದ ಕೈಗೆ ದಾಟುತ್ತ ಬೆಂಚಿನ ಕೊನೆ ಮುಟ್ಟುತ್ತದೆ. ಹಾಲೆಂಡಿನಿಂದ ಹಡಗು ಹತ್ತಿ ಅಮೆರಿಕದ ಅಯೋವಾಕ್ಕೆ ಬಂದ ಹಿರಿಯರ ಕಾಲದಿಂದ ಇದು ಹೀಗೆಯೇ ನಡೆದಿದೆ. ಬಾಯಲ್ಲಿ ಪೆಪ್ಪರಮಿಂಟಿಲ್ಲದಿದ್ದರೆ ದೇವರ ಮಾತು ಕೂಡ ನಮ್ಮವರ ಗಂಟಲಿನಿಂದ ಕೆಳಗಿಳಿಯುವುದಿಲ್ಲ. ಅದನ್ನು ಚೀಪಬೇಕು, ಕಚ್ಚಬಾರದು. ಕಚ್ಚಿದರೆ ಮುಂದಿನ ಬೆಂಚಿನವರು ತಿರುಗಿ ನೋಡುತ್ತಾರೆ.

ಜೋಲೀನ್ ಮತ್ತು ವರ್ಲಿನ್ ವಿಯರ್ಸ್ಮಾರ ಮಗಳು ಅಯ್ನಾಲೆಮ್ ಮಾತ್ರ ಕಚ್ಚುತ್ತಿದ್ದಳು. ಪ್ರತಿ ಭಾನುವಾರ ಕಟಕ್ ಎಂದು ಎರಡು ತುಂಡು ಮಾಡಿ, ಒಂದನ್ನು ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ಕರವಸ್ತ್ರದಲ್ಲಿ ಸುತ್ತಿ ಮನೆಗೆ ಒಯ್ಯುತ್ತಿದ್ದಳು. ಮನೆಯಲ್ಲಿ ಅವಳ ಮಂಚದ ಕೆಳಗೆ ಒಂದು ಕಾಲುಚೀಲವಿತ್ತು. ಅರ್ಧ ತುಂಡುಗಳೆಲ್ಲ ಅದರೊಳಗೆ ಸೇರುತ್ತಿದ್ದವು.

"ಮತ್ತೆ ಕಚ್ಚಿದ್ಳು ನೋಡು," ವರ್ಲಿನ್‌ನ ತಾಯಿ ಹರ್ಮೀನಾ ಸೊಸೆಯ ಕಿವಿಯಲ್ಲಿ ಗೊಣಗುತ್ತಿದ್ದರು. "ಇಡೀ ಚರ್ಚಿಗೆ ಕೇಳ್ಸತ್ತೆ. ಅದಕ್ಕೆ ಕೊಡೋ ಬದ್ಲು ನಾನೇ ಎರಡು ತಿನ್ಬೋದಿತ್ತು."

"ಬಿಡಿ ಅತ್ತೆ. ಹಸಿವು ಕಂಡಿರೋ ಮಗು," ಎನ್ನುತ್ತಿದ್ದಳು ಜೋಲೀನ್.

ಹಸಿದು ಬೆಳೆದ ಮಕ್ಕಳು ತಿಂಡಿ ಬಚ್ಚಿಡುತ್ತವೆ, ಗದರಬೇಡಿ ಎಂದು ದತ್ತು ಸಂಸ್ಥೆಯವರು ಮೊದಲೇ ಹೇಳಿಕೊಟ್ಟಿದ್ದರು. ದಿಂಬಿನ ಕೆಳಗೆ ಬ್ರೆಡ್ಡು ಸಿಗಬಹುದೆಂದು ಜೋಲೀನ್ ಕಾದಿದ್ದಳು. ಸಿಕ್ಕಿದ್ದು ಪೆಪ್ಪರಮಿಂಟು. ಸರಿ, ಇದೂ ಅದೇ ಎಂದುಕೊಂಡು ಸುಮ್ಮನಾಗಿದ್ದಳು.

ಮದುವೆಯಾಗಿ ಬಹಳ ವರ್ಷ ಅವರಿಗೆ ಮಕ್ಕಳಾಗಿರಲಿಲ್ಲ. ವರ್ಲಿನ್ ಹಂದಿ ಸಾಕುವವನು, ಮಾತು ಕಮ್ಮಿ. ಇಥಿಯೋಪಿಯಾದಿಂದ ಒಂದು ಅನಾಥ ಮಗುವನ್ನು ತರುತ್ತೇವೆಂದು ಅವನು ಚರ್ಚಿನಲ್ಲಿ ಎದ್ದುನಿಂತು ಹೇಳಿದಾಗ ಅವನ ಕಿವಿಯೆಲ್ಲ ಕೆಂಪಾಗಿತ್ತು. ಚರ್ಚಿನವರು ಊಟ ಏರ್ಪಡಿಸಿ, ದುಡ್ಡು ಕೂಡಿಸಿ ಪ್ರಯಾಣಕ್ಕೆ ನೆರವಾದರು. ಮಗು ಬಂದ ದಿನ ಬಲೂನು ಹಿಡಿದು ವಿಮಾನ ನಿಲ್ದಾಣದ ತನಕ ಬಂದರು. ಊರಿಗೆ ಊರೇ ಹೆತ್ತಂತೆ ಸಂಭ್ರಮಪಟ್ಟಿತು.

ಮಗುವಿನ ಅಪ್ಪ ಅಮ್ಮ ಇಬ್ಬರೂ ಇಲ್ಲ ಎಂದು ಸಂಸ್ಥೆಯವರು ಹೇಳಿದ್ದರು. ಅಲ್ಲಿಯ ಅನಾಥಾಶ್ರಮದಲ್ಲಿ ಮಗುವನ್ನು ಒಪ್ಪಿಸುವಾಗ ಒಬ್ಬ ತೆಳ್ಳನೆಯ ಹೆಂಗಸು ಬಂದು ನಿಂತಿದ್ದಳು. ಯಾರೆಂದು ಕೇಳಿದ್ದಕ್ಕೆ ದೂರದ ಸಂಬಂಧಿ ಎಂದರು. ಆಕೆ ಜೋಲೀನಳ ಎರಡೂ ಕೈ ಹಿಡಿದುಕೊಂಡು ತುಂಬ ಹೊತ್ತು ಏನೇನೋ ಹೇಳಿದಳು. "ಥ್ಯಾಂಕ್ಸ್ ಹೇಳ್ತಿದಾಳೆ," ಎಂದು ಸಂಸ್ಥೆಯವನು ಅದನ್ನೆಲ್ಲ ಎರಡು ಮಾತಿನಲ್ಲಿ ಮುಗಿಸಿದ. ಅಷ್ಟುದ್ದದ ಮಾತು ಇಷ್ಟು ಚಿಕ್ಕದಾದದ್ದು ಹೇಗೆಂದು ಜೋಲೀನ್ ಕೇಳಲಿಲ್ಲ. ಆಕೆಗೆ ಏನಾದರೂ ಕೊಡಬೇಕೆನ್ನಿಸಿ ಚೀಲದಲ್ಲಿ ಕೈಯಾಡಿಸಿದಾಗ ಸಿಕ್ಕಿದ್ದು ಒಂದೇ ಒಂದು ಪೆಪ್ಪರಮಿಂಟು. ಅದನ್ನೇ ಅಂಗೈಯಲ್ಲಿಟ್ಟು ಹೊರಟುಬಂದಿದ್ದಳು.

ಇಲ್ಲಿಗೆ ಬಂದ ಮೇಲೆ ಅಯ್ನಾಲೆಮ್ ಓದಿನ ಬೆನ್ನು ಹತ್ತಿದ ಪರಿ ನೋಡಿ ಶಾಲೆಯವರೇ ಬೆರಗಾದರು. ತಿಂಡಿಯ ಡಬ್ಬಿ, ಅಪ್ಪನ ಟ್ರಕ್ಕಿನಲ್ಲಿದ್ದ ಮೇವಿನ ಚೀಲ, ರಸ್ತೆಬದಿಯ ಫಲಕ, ಕಣ್ಣಿಗೆ ಬಿದ್ದ ಒಂದಕ್ಷರವನ್ನೂ ಬಿಡುತ್ತಿರಲಿಲ್ಲ. ಆಟಕ್ಕೆ ಕರೆದರೆ ಬರುತ್ತಿರಲಿಲ್ಲ.

"ಹೀಗೇ ಬಿಟ್ರೆ ನನ್ನ ಹಂದಿಗಳಿಗೂ ಪಾಠ ಶುರು ಮಾಡ್ತಾಳೆ," ಎನ್ನುತ್ತಿದ್ದ ವರ್ಲಿನ್. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಬರುವುದಿಲ್ಲ.

ಎರಡು ವರ್ಷ ಕಳೆದ ಮೇಲೆ, ಜೋಳದ ಕೊಯ್ಲು ಮುಗಿದ ಒಂದು ಭಾನುವಾರ, ಚರ್ಚಿನಲ್ಲಿ ಆ ದಿನದ ವಚನ ಓದಲು ಪಾಸ್ಟರು ಅವಳನ್ನು ಕರೆದರು. ಎಂಟು ವರ್ಷದ ಹುಡುಗಿ ಪೆಟ್ಟಿಗೆಯ ಮೇಲೆ ಹತ್ತಿ ನಿಂತು ಎಲ್ಲೂ ತಡವರಿಸದೆ ಓದಿದಳು. ಆಮೇಲೆ ನೆಲಮಾಳಿಗೆಯಲ್ಲಿ ಕಾಫಿ ಕುಡಿಯುವಾಗ ಎಲ್ಲರೂ ಬಂದು ಅವಳ ಗುಂಗುರು ತಲೆ ಸವರುವವರೇ. ಜೋಲೀನ್‌ಳ ಕಾಲು ಅವತ್ತು ನೆಲದ ಮೇಲಿರಲಿಲ್ಲ.

ಮನೆಗೆ ಬಂದು ಮಗುವಿನ ಕೋಣೆಗೆ ಹೋದಾಗ ಮಂಚದ ಮೇಲೆ ಶಾಲೆಯ ಚೀಲ ಉಬ್ಬಿಕೊಂಡು ಕೂತಿತ್ತು. ಪಕ್ಕದಲ್ಲಿ ಕಾಲುಚೀಲ.

"ಇದೇನೇ ಪುಟ್ಟಿ, ಎಲ್ಲಿಗೆ ಹೊರಟೆ?"

"ಓದೋಕೆ ಬಂತಲ್ಲ ಮಮ್ಮಿ. ಇನ್ನು ಎಮಾಯೆ ಹತ್ರ ಹೋಗ್ಬೋದು."

ಎಮಾಯೆ ಎಂದರೆ ಅಮ್ಮ. ಹುಟ್ಟೂರಿನ ಮಾತುಗಳಲ್ಲಿ ಅವಳ ನಾಲಗೆಯ ಮೇಲೆ ಉಳಿದಿದ್ದದ್ದು ಅದೊಂದೇ.

"ಕಂದಾ, ಎಮಾಯೆ ಸ್ವರ್ಗದಲ್ಲಿದಾಳೆ. ಹೇಳಿದ್ದೆ ಅಲ್ವಾ?"

"ಅಲ್ಲ ಮಮ್ಮಿ, ನಮ್ಮೂರು ಸೋಡೊದಲ್ಲಿದಾಳೆ. ಬಸ್‌ಸ್ಟ್ಯಾಂಡ್ ಹಿಂದೆ." ದೊಡ್ಡವರ ತಪ್ಪನ್ನು ನಯವಾಗಿ ತಿದ್ದುವ ದನಿಯಲ್ಲಿ ಹೇಳಿದಳು ಮಗು. "ಓದು ಕಲ್ತು ಬಾ ಅಂದಿದ್ಳು. ಇದು ಅವಳ ಪಾಲು. ನೀನು ಅವತ್ತು ಕೊಟ್ಟಿದ್ದನ್ನ ಕಚ್ಚಿ ನಂಗರ್ಧ ಕೊಟ್ಳಲ್ಲ? ನೀನೂ ನೋಡ್ದೆ."

ಜೋಲೀನ್ ನೋಡಿದ್ದಳು. ಆ ಹೆಂಗಸು ಪೆಪ್ಪರಮಿಂಟನ್ನು ಕಟಕ್ ಎಂದು ಕಚ್ಚಿ, ಅರ್ಧವನ್ನು ಮಗುವಿನ ಬಾಯಿಗಿಟ್ಟು, ಉಳಿದರ್ಧವನ್ನು ತಿನ್ನದೆ ಶಾಲಿನ ಅಂಚಿಗೆ ಗಂಟು ಹಾಕಿಕೊಂಡಿದ್ದಳು. ದೂರದ ಸಂಬಂಧಿಕರು ಹಾಗೆ ಮಾಡುವುದಿಲ್ಲ. ಇದನ್ನು ತಿಳಿಯಲು ಯಾರೂ ಭಾಷಾಂತರ ಮಾಡಬೇಕಾಗಿರಲಿಲ್ಲ. ಅವತ್ತೇ ಅವಳಿಗೆ ಅದು ಗೊತ್ತಾಗಿತ್ತು. ಆದರೂ ಮಗುವನ್ನೆತ್ತಿಕೊಂಡು ಅವಸರವಸರವಾಗಿ ವ್ಯಾನು ಹತ್ತಿದ್ದಳು. ಈಗ ಮಂಚದ ಅಂಚಿನಲ್ಲಿ ಕೂತವಳಿಗೆ ನಾಚಿಕೆಯಾಯಿತು.

ವರ್ಲಿನ್‌ಗೆ ಅಡಿಗೆಮನೆಯಲ್ಲಿ ಹೇಳಿದಳು. ಅವನು ತೊಳೆದ ಕೈಯನ್ನೇ ಮತ್ತೆ ತೊಳೆಯತೊಡಗಿದ.

"ಆಗ ಅವಳಿಗೆ ಆರು ವರ್ಷ. ಅದರ ನೆನಪು ನಂಬ್ತೀಯಾ?"

"ನಂಬ್ತೀನಿ. ನಾನೂ ಅಲ್ಲೇ ಇದ್ದೆ."

"ಹುಡುಕಿಸಿದ್ರೆ, ಆ ಹೆಂಗಸು ಸಿಕ್ಕಿದ್ರೆ, ಆಮೇಲೆ ನಾವ್ಯಾರು? ಚರ್ಚಲ್ಲಿ ಏನಂತ ಹೇಳೋದು? ಬದುಕಿರೋ ತಾಯಿ ಮಡಿಲಿಂದ ಕಿತ್ಕೊಂಡು ಬಂದ್ವಿ ಅಂತಲಾ?"

ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ ಹರ್ಮೀನಾ ಚಾಕು ಕೆಳಗಿಟ್ಟರು. "ಅಂದ್ರೆ ಇಷ್ಟು ದಿನ ನಾನು ಗೊಣಗಿದ್ದು ಅದರಮ್ಮನ ಪಾಲಿಗಾ?" ಎಂದರು. ಮುಂದಿನ ಭಾನುವಾರ ಮಗುವಿನ ಕೈಗೆ ಎರಡು ಪೆಪ್ಪರಮಿಂಟು ಬಂದವು. ಮಗು ಒಂದನ್ನು ಬಾಯಿಗೆ ಹಾಕಿಕೊಂಡಳು, ಇನ್ನೊಂದನ್ನು ಇಡಿಯಾಗಿ ಕರವಸ್ತ್ರದಲ್ಲಿ ಸುತ್ತಿದಳು. ಅವತ್ತು ಸದ್ದಾಗಲಿಲ್ಲ.

ದತ್ತು ಸಂಸ್ಥೆ ಅಷ್ಟರಲ್ಲಿ ಬಾಗಿಲು ಹಾಕಿತ್ತು. ಪಕ್ಕದೂರಿನಲ್ಲಿ ಇಥಿಯೋಪಿಯಾದಿಂದಲೇ ಮಗು ತಂದಿದ್ದ ಇನ್ನೊಬ್ಬ ತಾಯಿಯ ಕಡೆಯಿಂದ ದಾವಿತ್ ಎಂಬವನ ನಂಬರು ಸಿಕ್ಕಿತು. ಇಂಥ ಮಕ್ಕಳ ಮನೆಯವರನ್ನು ಹುಡುಕಿಕೊಡುವುದು ಅವನ ಕೆಲಸ. ಅವನು ಸೋಡೊಗೆ ಹೋದ. ಒಂದು ಶನಿವಾರ ಬೆಳಿಗ್ಗೆ ಫೋನು ಬಂತು.

"ಸಿಕ್ಕಿದ್ರು. ಬಸ್‌ಸ್ಟ್ಯಾಂಡ್ ಹಿಂದೇನೇ. ಅಮರೆಚ್ ಅಂತ ಹೆಸರು. ಓದಿಸಿ ವಾಪಸ್ ಕಳಿಸ್ತಾರೆ ಅಂತ ಸಂಸ್ಥೆಯವರು ಹೇಳಿದ್ರಂತೆ. ಇಲ್ಲೇ ಪಕ್ಕದಲ್ಲಿದಾರೆ, ಮಾತಾಡಿ."

ಫೋನನ್ನು ಅಡಿಗೆಮನೆಯ ಮೇಜಿನ ಮೇಲಿಟ್ಟು ಎಲ್ಲರಿಗೂ ಕೇಳುವಂತೆ ಮಾಡಿದರು. ಆಚೆಯಿಂದ ಒಂದು ಹೆಣ್ಣುದನಿ ಕಟ್ಟೆಯೊಡೆದು ನುಗ್ಗಿತು. ಅಯ್ನಾಲೆಮ್ "ಎಮಾಯೆ!" ಎಂದು ಕೂಗಿದಳು. ಮುಂದೇನು ಹೇಳಬೇಕೆಂದು ಅವಳಿಗೆ ಗೊತ್ತಾಗಲಿಲ್ಲ. ದನಿ ಹೇಳುತ್ತಲೇ ಇತ್ತು, ಕೇಳುತ್ತಲೇ ಇತ್ತು.

"ಏನಂತಿದಾಳೆ?" ಮಗು ಜೋಲೀನ್ ಕಡೆ ತಿರುಗಿದಳು. "ಮಮ್ಮಿ, ನಂಗ್ಯಾಕೆ ಅರ್ಥ ಆಗ್ತಿಲ್ಲ?"

ಓದಲು ಕಲಿಸುವ ಭರದಲ್ಲಿ ಮಗುವಿನ ಮಾತನ್ನೇ ಕಳೆದಿದ್ದರು. ಜೋಲೀನ್‌ಗೆ ಅಳು ಉಕ್ಕಿಬಂತು. ಮಗು ಅಳಲಿಲ್ಲ. ಕೋಣೆಗೆ ಓಡಿಹೋಗಿ ಶಾಲೆಯ ಪುಸ್ತಕ ತಂದು, ಫೋನಿನ ಮೇಲೆ ಬಾಗಿ, ಗಟ್ಟಿಯಾಗಿ ಒಂದು ಪುಟ ಓದಿದಳು. ಆಚೆ ಕಡೆಯಿಂದ ಮದುವೆಮನೆಯ ಹೆಂಗಸರು ಕೂಗುವಂತೆ ಎತ್ತರದ ಹರ್ಷದ ಕೂಗು ಕೇಳಿತು.

ದಾವಿತ್ ಭಾಷಾಂತರಿಸಿದ. "ಓದು ಬಂತಲ್ಲ, ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ ಅಂತಿದಾರೆ. ಯಾವಾಗ ಕಳಿಸ್ತೀರಿ ಅಂತ ಕೇಳ್ತಿದಾರೆ."

ಈ ಪ್ರಶ್ನೆಗೆ ಜೋಲೀನ್ ವಾರವಿಡೀ ಉತ್ತರ ಹೊಂದಿಸಿಟ್ಟುಕೊಂಡಿದ್ದಳು. ಬಾಯಿಂದ ಬಂದದ್ದು ಬೇರೆ.

"ಅವಳ ಓದು ಇನ್ನೂ ಮುಗಿದಿಲ್ಲ ಅಂತ ಹೇಳಿ."

ದಾವಿತ್ ಹೇಳಿದ. "ಇಶಿ," ಎಂದಿತು ಆ ದನಿ. "ಇಶಿ, ಇಶಿ." ಆಗಲಿ, ನೀವು ಹೇಳಿದ ಹಾಗೇ ಆಗಲಿ ಎನ್ನುವಂತೆ. ಫೋನು ಇಟ್ಟರು.

ಅಯ್ನಾಲೆಮ್ ಎದ್ದುಹೋದಳು. ಮುಂದಿನ ಕೋಣೆಯಲ್ಲಿ ಏನನ್ನೋ ಎಳೆಯುವ ಸದ್ದಾಯಿತು. ವಿಯರ್ಸ್ಮಾ ಮನೆತನದ ದಪ್ಪ ಬೈಬಲ್ಲನ್ನು ಎರಡೂ ಕೈಯಲ್ಲಿ ಹೊಟ್ಟೆಗೆ ಅವುಚಿಕೊಂಡು ಬಂದು ಮೇಜಿನ ಮೇಲೆ ಇಟ್ಟಳು.

"ಇದನ್ನ ಮುಗಿಸಿದ್ರೆ ಸಾಕಾ ಮಮ್ಮಿ?"

ಉತ್ತರಕ್ಕೂ ಕಾಯದೆ ಮೊದಲ ಪುಟ ತೆಗೆದು, ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದಳು. ಹರ್ಮೀನಾ ಗೋಡೆಯ ಕಡೆ ಮುಖ ತಿರುಗಿಸಿದರು. ವರ್ಲಿನ್ ಫೋನನ್ನು ಹೆಂಡತಿಯ ಮುಂದೆ ತಳ್ಳಿದ. ಅವಳು ಅದೇ ನಂಬರಿಗೆ ಮತ್ತೆ ಫೋನು ಮಾಡಿದಳು.

"ದಾವಿತ್, ಅವರು ಇನ್ನೂ ಅಲ್ಲೇ ಇದಾರಾ?" ಜೋಲೀನ್ ಕೇಳಿದಳು. "ನಾನು ಸುಳ್ಳು ಹೇಳ್ದೆ. ಅವಳಿಗೆ ಓದೋಕೆ ಬರತ್ತೆ, ತುಂಬಾ ಚೆನ್ನಾಗಿ ಬರತ್ತೆ. ಈ ಬೇಸಿಗೇಲಿ ನಾವೇ ಕರ್ಕೊಂಡು ಬರ್ತೀವಿ ಅಂತ ಹೇಳಿ."

ಆಚೆ ಕಡೆ ಸ್ವಲ್ಪ ಹೊತ್ತು ಮಾತು ನಡೆಯಿತು.

"ಬಿಟ್ಟು ಹೋಗೋಕಾ, ತೋರಿಸಿ ಹೋಗೋಕಾ ಅಂತ ಕೇಳ್ತಿದಾರೆ," ಎಂದ ದಾವಿತ್.

"ಗೊತ್ತಿಲ್ಲ ಅಂತ ಹೇಳಿ," ಎಂದಳು ಜೋಲೀನ್. "ಈ ಸಲ ಸುಳ್ಳಲ್ಲ ಅಂತಾನೂ ಹೇಳಿ."

ಮೇಜಿನ ಆಚೆ ಮಗುವಿನ ಬೆರಳು ಸಾಲಿನ ನಡುವೆ ನಿಂತಿತ್ತು.