ಒಂದೂವರೆ ಟಿಕೆಟ್ಟಿನ ಭಾರ

ಪಂಕಜಾ ಟೀಚರಿಗೆ ಪಿಎಚ್.ಡಿ. ಸಿಕ್ಕಿದ್ದು ಅವರ ಸ್ವಂತ ಬುದ್ಧಿಯಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನನ್ನ ದಪ್ಪದ ಸುದ್ದಿ ಬರುತ್ತದೆ, ಎಲ್ಲ ನನ್ನಿಂದಲೇ ಆಯಿತೆಂದು ಯಾರೂ ತಿಳಿಯಬಾರದು.

ನಾನು ಗ್ಲ್ಯಾಡಿಸ್. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಬಾಯಿ, ಬಾಯಮ್ಮ ಎಂದೇ ಕರೆಯುವುದು. ಮನೆ ಕಾಪುವಿನಲ್ಲಿ. ಉಡುಪಿಯ ಬಸ್‌ಸ್ಟ್ಯಾಂಡಿನ ಎದುರು ಮಹಡಿಯ ಮೇಲೆ ಟೈಪಿಂಗ್ ಕಲಿಸುತ್ತಿದ್ದೆ. ದಿನಾ ಹತ್ತುವ ಬಸ್ಸಿನ ಕಂಡಕ್ಟರ್ ವಿಠಲ ನನ್ನನ್ನು ಕಂಡ ಕೂಡಲೇ "ಬಾಯಮ್ಮನಿಗೆ ಒಂದೂವರೆ ಟಿಕೆಟ್!" ಎಂದು ಕೂಗುತ್ತಿದ್ದ. ಇಡೀ ಬಸ್ಸು ನಗುತ್ತಿತ್ತು. ಅವನಿಗೆ ಕೊಂಕಣಿಯಲ್ಲಿ ಚೆನ್ನಾಗಿ ಬೈದು ಕೂರುತ್ತಿದ್ದೆ, ಮನೆಗೆ ಹೋಗಿ ಅಳುತ್ತಿದ್ದೆ. ಈ ಮೈ ನೋಡಿ ತಿರುಗಿ ಹೋದ ಸಂಬಂಧಗಳು ಕಮ್ಮಿಯಲ್ಲ.

ಟೀಚರ್ ಕಾರ್ಕಳದವರು, ಕಡ್ಡಿಯಂಥ ಹೆಂಗಸು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವರು ಸಂಶೋಧನೆಗೆಂದು ರಜೆ ಹಾಕಿದ್ದರು. ಎಂಬತ್ತಮೂರರಲ್ಲಿ ಪ್ರಬಂಧ ಟೈಪ್ ಮಾಡಿಸಲು ಶನಿವಾರ ಶನಿವಾರ ಹಿರಿಯಡ್ಕದ ಮೇಲಾಗಿ ಬಸ್ಸಿನಲ್ಲಿ ಬರುವರು. ನನ್ನ ಮೆಷಿನ್ನಿನಲ್ಲಿ ಗ್ರೀಕ್ ಅಕ್ಷರ ಇರಲಿಲ್ಲ. ಆ ಜಾಗವನ್ನೆಲ್ಲ ನಾನು ಖಾಲಿ ಬಿಡಬೇಕು, ಅವರು ಪಕ್ಕದಲ್ಲಿ ಕುಳಿತು ಶಾಯಿಯಲ್ಲಿ ತುಂಬಬೇಕು. ಹಾಗಾಗಿ ಮಾತಿಗೆ ಬೇಕಾದಷ್ಟು ಹೊತ್ತು ಸಿಗುತ್ತಿತ್ತು.

"ಇದೆಲ್ಲ ಎಂತ ಟೀಚರ್?" ಎಂದು ಒಮ್ಮೆ ಕೇಳಿದೆ.

"ಸಣ್ಣ ಕಣಗಳ ಲೆಕ್ಕ ಬಾಯಿ. ಮೊದಲು ಒಂದು ಅಂದಾಜು. ಆಮೇಲೆ ಅದಕ್ಕೆ ತಿದ್ದುಪಡಿ, ತಿದ್ದುಪಡಿಗೆ ಮತ್ತೊಂದು ತಿದ್ದುಪಡಿ. ಅದರೊಳಗೆ ಯಾರೂ ಇನ್ನೂ ಕಾಣದ ಒಂದು ಭಾರದ ಕಣ ಬಂದು ಮಾಯವಾಗ್ತದೆ."

"ಕಾಣದ್ದು ಉಂಟು ಅಂತ ಹೇಗೆ ಹೇಳುವುದು?"

"ಅದರ ಜೋಡಿ ಸಿಕ್ಕಿದೆ. ಅದು ಹಗುರ. ಇದು ಮಾತ್ರ ಇನ್ನೂ ಸಿಕ್ಕಿಲ್ಲ."

ನಾಲ್ಕನೆಯ ಅಧ್ಯಾಯದ ಹೊತ್ತಿಗೆ ಟೀಚರ ಮುಖ ಬಾಡಿತ್ತು. ಕಣ ಭಾರವಾದಷ್ಟೂ ತಿದ್ದುಪಡಿಯಲ್ಲಿ ಅದರ ಪ್ರಭಾವ ಕಮ್ಮಿಯಾಗುವುದು ಸಾಮಾನ್ಯವಂತೆ. ಇವರ ಲೆಕ್ಕದಲ್ಲಿ ಹೆಚ್ಚಾಗುತ್ತಿತ್ತು. ಅವರ ಮಾರ್ಗದರ್ಶಕರು ಮಣಿಪಾಲದ ಯಜ್ಞನಾರಾಯಣ ರಾಯರು. "ಲೆಕ್ಕ ಸರಿ ಉಂಟು, ಹೊರದೇಶದವರಿಗೂ ಹೀಗೆಯೇ ಬಂದಿದೆ. ಆದರೆ ಯಾಕೆ ಹೀಗೆ ಅಂತ ವೈವಾದಲ್ಲಿ ಕೇಳಿದರೆ ಎಂತ ಹೇಳ್ತೀರಿ? ಹೇಳಲಿಕ್ಕೆ ಆಗದಿದ್ದರೆ ಈ ಅಧ್ಯಾಯ ತೆಗೆಯಿರಿ" ಎಂದಿದ್ದರಂತೆ. ಅದನ್ನು ತೆಗೆದರೆ ಪ್ರಬಂಧದಲ್ಲಿ ಉಳಿಯುವುದೆಂತ, ರಟ್ಟು! ರಜೆ ಮಳೆಗಾಲಕ್ಕೆ ಮುಗಿಯುತ್ತಿತ್ತು. ಮತ್ತೆ ರಜೆ ಕೊಡುವುದಿಲ್ಲವೆಂದು ಕಾಲೇಜಿನವರು ಖಡಾಖಂಡಿತವಾಗಿ ಹೇಳಿದ್ದರು.

"ಮಂಡೆ ಬಿಸಿ ಆಗಿದೆ ನಿಮಗೆ, ನಡೆಯಿರಿ" ಎಂದು ಅವರನ್ನು ಕಾಪುವಿಗೆ ಎಳೆದುಕೊಂಡು ಹೋದೆ. ದೀಪಸ್ತಂಭದ ಬಳಿ ಕೈರಂಪಣಿ ಬಲೆ ಎಳೆಯುತ್ತಿದ್ದರು. ದೋಣಿಯಲ್ಲಿ ಹೋಗಿ ಅರ್ಧಚಂದ್ರದ ಹಾಗೆ ಬಲೆ ಬಿಟ್ಟು ಬರುತ್ತಾರೆ, ಎರಡು ತುದಿಯ ಹಗ್ಗಗಳನ್ನು ದಡದಿಂದ ಎಳೆಯುತ್ತಾರೆ. ಹಗ್ಗಕ್ಕೆ ಕೈ ಕೊಟ್ಟವರಿಗೆಲ್ಲ ಒಂದಿಷ್ಟು ಮೀನು. ಬೂತಾಯಿ ಮೀನಿನ ಆಸೆಗೆ ನಾನು ಬಡಗಿನ ಹಗ್ಗ ಹಿಡಿದೆ. ಟೀಚರ್ ಮೀನು ಮುಟ್ಟುವವರಲ್ಲ. ಆದರೂ ನನಗೆ ಇನ್ನೊಂದು ಪಾಲು ಸಿಗಲಿ ಎಂದು ಪಾಪ, ತೆಂಕಿನ ಹಗ್ಗ ಹಿಡಿದರು.

ಸ್ವಲ್ಪ ಹೊತ್ತಿನಲ್ಲೇ ಬಲೆ ನನ್ನ ಕಡೆಗೆ ವಾಲಿತು. ಎಳೆಸುತ್ತಿದ್ದ ದೂಮಪ್ಪ ಬೊಬ್ಬೆ ಹಾಕಿದ. "ಬಡಗು ಭಾರ ಆಯ್ತು! ಬಾಯಮ್ಮ, ಒಂದೋ ಕೈ ಬಿಡಿ, ಇಲ್ಲ ತೆಂಕಿಗೂ ನಿಮ್ಮಂಥವರನ್ನೇ ಒಬ್ಬರನ್ನು ತನ್ನಿ!"

ದಡದಲ್ಲಿ ನಗುವೋ ನಗು. ಭೂಮಿ ಬಾಯಿ ಬಿಡಬಾರದೇ ಅನಿಸಿತು. ಹಗ್ಗ ಬಿಸಾಡಿ ಹೊರಟೆ. ಟೀಚರ್ ಮರಳಿನಲ್ಲಿ ಓಡಿ ಬಂದು ನನ್ನ ಕೈ ಹಿಡಿದರು.

"ಬಾಯಿ, ಇನ್ನೊಮ್ಮೆ ಹಿಡಿಯಿರಿ!"

"ನಿಮಗೂ ತಮಾಷೆಯಾ?"

"ಅಯ್ಯೋ, ಅಲ್ಲ ಮಾರಾಯ್ತಿ! ಎರಡೂ ಕಡೆ ನಿಮ್ಮಂಥವರೇ ಇದ್ದರೆ ಬಲೆ ನೇರ ಬರ್ತದೆ. ಎಷ್ಟು ಭಾರ ಉಂಟು ಅಂತ ಬಲೆಗೆ ಗೊತ್ತೇ ಆಗುವುದಿಲ್ಲ. ನೀವು ಆಚೆ, ನಾನು ಈಚೆ ಆದರೆ ಜೋಡಿ ಸಮ ಇಲ್ಲ ಅಲ್ವಾ? ಭಾರದ ಕಡೆ ಭಾರ ಹೆಚ್ಚಿದಷ್ಟೂ ಬಲೆ ಹೆಚ್ಚು ವಾಲ್ತದೆ. ನನ್ನ ಕಣಗಳದ್ದೂ ಇದೇ ಕಥೆ!"

ಅವರ ಕಣ್ಣಲ್ಲಿ ನೀರಿತ್ತು. ನಾನು ಗೊಣಗುತ್ತಲೇ ಮತ್ತೆ ಹಗ್ಗ ಹಿಡಿದೆ. ಬಲೆ ಮತ್ತೆ ವಾಲಿತು, ದೂಮಪ್ಪ ಮತ್ತೆ ಬೊಬ್ಬೆ ಹಾಕಿದ, ಟೀಚರ್ ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. ಬೈದುಕೊಂಡೇ ಎರಡು ಪಾಲು ಮೀನು ಕೊಟ್ಟ ಪುಣ್ಯಾತ್ಮ.

ವೈವಾ ನಡೆದದ್ದು ಮಂಗಳೂರಿನಾಚೆ ವಿಶ್ವವಿದ್ಯಾಲಯದಲ್ಲಿ. ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಜಪಮಾಲೆ ಹಿಡಿದು ಕುಳಿತೆ. ಪರೀಕ್ಷಕರಾಗಿ ಬಂದ ಹಿರಿಯರು ಅದನ್ನೇ ಕೇಳಿದರು, ಕಣ ಭಾರವಾದರೂ ಅದರ ಪ್ರಭಾವ ಯಾಕೆ ಕಮ್ಮಿಯಾಗುವುದಿಲ್ಲ? ಟೀಚರ್ ಬೋರ್ಡಿನ ಮೇಲೆ ಮೊದಲು ಬಲೆ ಬರೆದರು, ಆಮೇಲೆ ಸಮೀಕರಣ. ಪರೀಕ್ಷಕರು ಕನ್ನಡಕ ತೆಗೆದರು.

"ಇದು ನಿಮಗೆ ಎಲ್ಲಿ ಸಿಕ್ಕಿತಮ್ಮಾ?"

"ಕಾಪುವಿನ ಕಡಲಲ್ಲಿ ಸರ್. ಭಾರದ ತುದಿ ಹಿಡಿದವರು ಅಲ್ಲಿ ಕೂತಿದ್ದಾರೆ. ಅವರು ನಾಚಿ ಹೋಗಿಬಿಟ್ಟಿದ್ದರೆ ಈ ಅಧ್ಯಾಯವೇ ಇರ್ತಿರಲಿಲ್ಲ."

ಎಲ್ಲರೂ ತಿರುಗಿ ನೋಡಿದರು. ಯಾರೂ ನಗಲಿಲ್ಲ. ಆ ಹಿರಿಯರು ಕುಳಿತಲ್ಲಿಂದ ಎದ್ದು ನನಗೆ ಕೈಮುಗಿದರು. ನನ್ನ ಮೈಗೆ ಯಾರಾದರೂ ಕೈಮುಗಿದದ್ದು ಅದೇ ಮೊದಲು. ಪಂಕಜಾ ಟೀಚರನ್ನು ದೇವರು ತಣ್ಣಗೆ ಇಟ್ಟಿರಲಿ.

ಹಿಂದಿರುಗಿ ಬರುವಾಗ ವಿಠಲನ ಬಸ್ಸೇ ಸಿಗಬೇಕೆ! ಡಾಕ್ಟರ್ ಪಂಕಜಾ ಕಿಟಕಿಯ ಕಡೆ, ನಾನು ಈಚೆ.

"ಬಾಯಮ್ಮನಿಗೆ ಒಂದೂವರೆ ಟಿಕೆಟ್!"

ಟೀಚರ್ ಸಿಟ್ಟಿನಿಂದ ಬಾಯಿ ತೆರೆದರು. ನಾನು ಅವರ ಕೈ ಅದುಮಿದೆ.

"ಒಂದೂವರೆಯೇ ಹರಿದು ಕೊಡು ಮಾರಾಯ" ಎಂದೆ. "ಆ ಅರ್ಧ ಇವತ್ತು ಪಾಸಾಗಿದೆ."